ಬ್ಯಾಟರಿ ಎಷ್ಟು ಖಾಲಿ ಇದೆ ಅಂತ ಮೊದಲು ನೋಡುತ್ತೇನೆ

ಬಯಲುಸೀಮೆಯ ಒಂದು ಸೋಲಾರ್ ಪ್ಲಾಂಟಿನಲ್ಲಿ ಶಿಫ್ಟ್ ಎಂಜಿನಿಯರ್ ನಾನು. ಪ್ಯಾನೆಲ್‌ಗಳ ಪಕ್ಕದಲ್ಲೇ ಸಾಲಾಗಿ ಬ್ಯಾಟರಿ ಕಂಟೇನರ್‌ಗಳಿವೆ. ನೋಡಲು ಬಂದವರೆಲ್ಲ ‘ಎಷ್ಟು ತುಂಬಿದೆ?’ ಅಂತ ಕೇಳುತ್ತಾರೆ. ಬೆಳಗ್ಗೆ ನನಗೆ ಬೇಕಾಗಿರುವುದು ಎಷ್ಟು ಖಾಲಿ ಇದೆ ಅನ್ನುವ ಲೆಕ್ಕ.

ನಾಳೆ ಎಷ್ಟು ಕರೆಂಟ್ ಕೊಡುತ್ತೇವೆ ಅಂತ ಇವತ್ತೇ ಗ್ರಿಡ್ ನಡೆಸುವವರಿಗೆ ಬರೆದು ಕಳಿಸಬೇಕು. ದಿನವನ್ನು 15 ನಿಮಿಷದ 96 ಬ್ಲಾಕ್ ಮಾಡಿ, ಒಂದೊಂದಕ್ಕೂ ಒಂದು ಅಂಕಿ. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ವ್ಯತ್ಯಾಸ ಮಿತಿ ದಾಟಿದರೆ ದುಡ್ಡು ಕಟ್ಟಬೇಕು. ಜೂನ್, ಜುಲೈನಲ್ಲಿ ಮೋಡಗಳು ಓಡುತ್ತಲೇ ಇರುತ್ತವೆ. ಒಂದು ದಪ್ಪ ಮೋಡ ಹಾದರೆ ಒಂದೆರಡು ನಿಮಿಷದಲ್ಲಿ ಉತ್ಪಾದನೆ ಅರ್ಧಕ್ಕೂ ಕೆಳಗೆ ಬೀಳುತ್ತದೆ, ಅಷ್ಟೇ ಬೇಗ ಮತ್ತೆ ಏಳುತ್ತದೆ. ಬಿದ್ದಾಗ ಬ್ಯಾಟರಿ ಕೊಡಬೇಕು, ಎದ್ದಾಗ ನುಂಗಬೇಕು. ಮೊದಲೇ ತುಂಬಿ ಕೂತಿದ್ದರೆ ಏನು ನುಂಗುತ್ತದೆ, ಅಲ್ವಾ? ಹಾಗಾಗಿ ಮೋಡದ ದಿನ ಮಧ್ಯಾಹ್ನದವರೆಗೆ ಅರ್ಧದ ಆಸುಪಾಸಿನಲ್ಲಿ ಆಡಿಸುತ್ತೇನೆ. ಊಟದ ಹೊತ್ತು ದಾಟಿದ ಮೇಲೆ ನಿಧಾನಕ್ಕೆ ತುಂಬಿಸಿ, ಸಂಜೆಗೆ ಬಿಡುತ್ತೇನೆ.

ಆದರೆ ‘ಅರ್ಧ’ ಅಂತ ಗೊತ್ತಾಗುವುದು ಹೇಗೆ? ನಮ್ಮವು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು. ಬಾಳಿಕೆ ಜಾಸ್ತಿ, ಬೆಂಕಿಯ ಭಯ ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಕಡಿಮೆ. ಅಳತೆ ಮಾತ್ರ ತಲೆನೋವು. ಅಡುಗೆ ಗ್ಯಾಸಿನ ಹಾಗೆ, ಮುಗಿಯುವ ತನಕ ಉರಿ ಒಂದೇ ಥರ. ಶೇ. 30 ಇದ್ದಾಗಲೂ 70 ಇದ್ದಾಗಲೂ ಸೆಲ್ಲಿನ ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕೇ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಕೂಡಿ ಕಳೆದು ಸ್ಕ್ರೀನ್ ಒಂದು ಅಂಕಿ ತೋರಿಸುತ್ತದೆ. ಸಣ್ಣ ಸಣ್ಣ ತಪ್ಪು ದಿನದಿನವೂ ಅದಕ್ಕೆ ಸೇರುತ್ತದೆ. ಕೊನೆಗೆ ಸ್ಕ್ರೀನ್ ಮೇಲೆ ಶೇ. 20 ಇರುವಾಗಲೇ ಸೆಲ್‌ಗಳ ಯಾವುದೋ ಒಂದು ರ‍್ಯಾಕ್ ಕೆಳಗಿನ ಮಿತಿ ಮುಟ್ಟಿ ಟ್ರಿಪ್ ಆಗುತ್ತದೆ. ಅದೂ ಸಂಜೆ, ಬೇಕಾದ ಹೊತ್ತಿಗೇ.

ಇದಕ್ಕೆ ನಾನು ಮಾಡುವುದಿಷ್ಟು. ಬಿಸಿಲು ಗಟ್ಟಿಯಾಗಿರುವ ಒಂದು ದಿನ ನೋಡಿ ಪೂರ್ತಿ ತುಂಬಿಸುತ್ತೇನೆ. ತುದಿಗೆ ಬಂದಾಗ ವೋಲ್ಟೇಜ್ ಚಂಗನೆ ಏರುತ್ತದೆ, ಆಗ ಲೆಕ್ಕ ಮತ್ತೆ ನೂರಕ್ಕೆ ಕೂರುತ್ತದೆ. ಅಲ್ಲಿ ಅವಸರ ಸಲ್ಲ. ಚಾರ್ಜಿಂಗ್ ಕರೆಂಟ್ ಇಳಿಸಿ, ಸೆಲ್‌ಗಳೆಲ್ಲ ಸಮಕ್ಕೆ ಬರುವವರೆಗೆ ಬಿಡಬೇಕು. ಮಾರಾಟದ ಲೆಕ್ಕ ನೋಡುವವರು ಅವತ್ತು ಗೊಣಗುತ್ತಾರೆ. ಗೊಣಗಲಿ.

ಕರ್ನಾಟಕದ ಗ್ರಿಡ್ಡಿಗೆ ಈ ಕೆಲಸ ಹೊಸದಲ್ಲ. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಸಂಜೆ ಇಳಿಯುವ ಹೊತ್ತಿಗೆ ಆಸರೆಯಾಗುವುದರಲ್ಲಿ ಶರಾವತಿಯ 1035 ಮೆಗಾವ್ಯಾಟ್ ಕೂಡ ಇದೆ. ಅಲ್ಲಿ ಕೂಡಿಟ್ಟದ್ದು ಲಿಂಗನಮಕ್ಕಿಯ ನೀರು. ತುಂಬಿಸಬೇಕಾದದ್ದು ಮಳೆ. ಮಳೆ ಕೈಕೊಟ್ಟ ವರ್ಷ ಒಂದೊಂದು ಅಡಿ ನೀರಿಗೂ ಲೆಕ್ಕ ಹಾಕಬೇಕು. ನಮ್ಮ ಕಂಟೇನರ್‌ಗಳು ಎರಡು ಗಂಟೆಯಲ್ಲಿ ಖಾಲಿಯಾಗುತ್ತವೆ, ಮರುದಿನ ಮತ್ತೆ ತುಂಬುತ್ತವೆ.

ಹಾಕಿದ್ದೆಲ್ಲ ವಾಪಸ್ ಬರುವುದಿಲ್ಲ, ಅದನ್ನೂ ಹೇಳಬೇಕು. 100 ಯೂನಿಟ್ ಹಾಕಿದರೆ ಸುಮಾರು 85 ಸಿಗುತ್ತದೆ. ಏಪ್ರಿಲ್ ಬಿಸಿಲಿಗೆ ಕಂಟೇನರ್ ತಣ್ಣಗಿಡುವ ಎಸಿ ಬಿಡದೆ ಓಡುವುದರಿಂದ ಇನ್ನೂ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ ಸಂಜೆಯ ಬ್ಲಾಕ್‌ಗಳಿಗೆ ಅಂಕಿ ಬರೆಯುವಾಗ ಆ ಎಸಿಯ ಖರ್ಚನ್ನು ಮೊದಲೇ ಕಳೆದು ಬರೆಯುತ್ತೇನೆ.