ಹೊಸ ತೊಟ್ಟಿಗೆ ಹಳೇ ಕೊಳೆ ಬೇಕು

ಅಂಗಡಿಯಿಂದ ತಂದಾಗ ಗೋಲ್ಡ್‌ಫಿಶ್ ಕಿರುಬೆರಳಿನಷ್ಟಿರುತ್ತದೆ. ಚೆನ್ನಾಗಿ ತಿಂದುಂಡು ಬೆಳೆದರೆ ಒಂದೆರಡು ವರ್ಷದಲ್ಲಿ ಅಂಗೈ ಉದ್ದ ಆಗುತ್ತದೆ. ಒಂದೂವರೆ ಅಡಿ ತೊಟ್ಟಿಯಲ್ಲಿ ಎರಡು ಸಲ ಬಾಲ ಬಡಿದರೆ ಮೂತಿಗೆ ಗಾಜು ತಾಗುತ್ತದೆ. ಆಗ ಮನೆಯವರೆಲ್ಲ ಸೇರಿ ದೊಡ್ಡ ಅಕ್ವೇರಿಯಂ ತರುವ ಮಾತಾಡುತ್ತಾರೆ.

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಬಹಳ ಶುದ್ಧವಾಗಿ ಮಾಡಿದೆ. ಹೊಸ ತೊಟ್ಟಿ, ಹೊಸ ಕಲ್ಲು, ಹೊಸ ನೀರು. ಹಳೇ ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆದೆ. ನೀರು ಕನ್ನಡಿ ಹಾಗಿತ್ತು. ನಾಲ್ಕನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಆರನೇ ದಿನ ಒಂದು ಹೋಯಿತು. ಅದನ್ನು ಕೊಂದದ್ದು ನನ್ನ ಶುದ್ಧವೇ.

ಮೀನಿನ ಹೇಲು, ಉಚ್ಚೆ, ತಿನ್ನದೆ ಬಿಟ್ಟ ಆಹಾರ ಎಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೆಟ್ಟದ್ದಲ್ಲ, ಆಗಾಗ ಒಂದಷ್ಟು ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಇರುವುದು ಕಡಿಮೆ. ಸ್ಪಾಂಜಿಗೆ, ಕಲ್ಲಿಗೆ ಅಂಟಿಕೊಂಡ ಕಂದು ಲೋಳೆಯಲ್ಲೇ ಅವುಗಳ ಸಂಸಾರ. ಸುಮಾರು ಜನ ಹಳೇ ನೀರನ್ನು ಬಕೆಟ್‌ಗಟ್ಟಲೆ ಹೊತ್ತು ಹೊಸ ತೊಟ್ಟಿಗೆ ಸುರಿದು, ಸ್ಪಾಂಜನ್ನು ಮಾತ್ರ ತಿಕ್ಕಿ ತೊಳೆಯುತ್ತಾರೆ. ಮಾಡಬೇಕಾದದ್ದು ಇದರ ಉಲ್ಟಾ.

ಮೊದಲು ಜಾಗ

3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಅಂದುಕೊಳ್ಳಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ಲೆಕ್ಕದಲ್ಲಿ ಅಂಚಿನವರೆಗೆ ತುಂಬಿದರೆ 126 ಲೀಟರ್ ಹಿಡಿಯುತ್ತದೆ. ಅಂದರೆ ನೀರೇ 126 ಕಿಲೋ. ಗಾಜು, ಕಲ್ಲು ಸೇರಿದರೆ ಇಬ್ಬರು ದೊಡ್ಡವರು ನಿಂತ ಭಾರ. ಟಿ.ವಿ. ಸ್ಟ್ಯಾಂಡ್ ಸಾಲದು. ಗಟ್ಟಿ ಸ್ಟ್ಯಾಂಡ್ ಇರಲಿ, ಅದರ ಮೇಲೆ ಥರ್ಮಾಕೋಲ್ ಹಾಳೆ ಹಾಸಿ. ಕಿಟಕಿ ಪಕ್ಕ ಬೇಡ, ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಒಮ್ಮೆ ತುಂಬಿದ ಮೇಲೆ ಜರುಗಿಸೋಕೆ ಆಗಲ್ಲ.

ಎರಡು ದಿನ ಸುಮ್ನೆ ನೀರು ತುಂಬಿಸಿಟ್ಟು ಸೋರುತ್ತದೆಯೇ ನೋಡಿ. ತೊಟ್ಟಿಯನ್ನು ಸೋಪಿನಿಂದ ತೊಳೆಯಬೇಡಿ, ಬರೀ ನೀರು ಸಾಕು. ಹೊಸ ಕಲ್ಲಿನ ಮೇಲೆ ಒಂದು ಹನಿ ವಿನೆಗರ್ ಹಾಕಿ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ ಎಂದರ್ಥ, ನೀರನ್ನು ಗಡಸು ಮಾಡುತ್ತದೆ.

ಯಾವ ನೀರು?

ಇಷ್ಟು ದಿನ ಯಾವ ನೀರು ಹಾಕುತ್ತಿದ್ದಿರೋ ಅದೇ. ಬೆಂಗಳೂರಿನ ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ. ಏರ್ ಪಂಪ್ ಹಾಕಿ ಒಂದು ದಿನ ಗುಳ್ಳೆ ಬಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹಾಕಿ. ಬೋರ್ ನೀರು ಗಡಸು, ಆದರೆ ಗೋಲ್ಡ್‌ಫಿಶ್ ಅದಕ್ಕೆ ಹೊಂದಿಕೊಳ್ಳುತ್ತದೆ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಲವಣಗಳೇ ಉಳಿದಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಬಹಳ ದಿನ ನೀರು ಬದಲಿಸದ ಹಳೇ ತೊಟ್ಟಿಯ ನೀರು ನಿಧಾನಕ್ಕೆ ಹುಳಿಯಾಗಿರುತ್ತದೆ. ಮೀನು ಅದಕ್ಕೆ ಒಗ್ಗಿಹೋಗಿರುತ್ತದೆ. ಅಲ್ಲಿಂದ ಎತ್ತಿ ತಟ್ಟನೆ ಹೊಸ ನೀರಿಗೆ ಬಿಟ್ಟರೆ ಆಘಾತ ಆಗುತ್ತದೆ. ಹಾಗಾಗಿ ಸಾಗಿಸುವ ಒಂದೆರಡು ವಾರ ಮೊದಲಿನಿಂದಲೇ ಹಳೇ ತೊಟ್ಟಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬದಲಿಸಿ. ಹೊಸ ಮನೆಯ ನೀರು ಹಳೇ ಮನೆಯಲ್ಲೇ ಅಭ್ಯಾಸ ಆಗಲಿ.

ಹೊಸ ಫಿಲ್ಟರ್ ಹಳೇ ತೊಟ್ಟಿಯಲ್ಲಿ ಹಿಡಿಸಿದರೆ ಅದನ್ನೂ ಮೂರು ನಾಲ್ಕು ವಾರ ಅಲ್ಲೇ ಓಡಿಸಿ. ಇಷ್ಟು ತಾಳ್ಮೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಸಾಗಿಸುವ ದಿನ

ಹಿಂದಿನ ದಿನ ಆಹಾರ ಹಾಕಬೇಡಿ. ಒಂದು ದಿನದ ಉಪವಾಸದಿಂದ ಮೀನಿಗೆ ಏನೂ ಆಗಲ್ಲ, ಬಕೆಟ್ ನೀರು ಕೆಡುವುದು ತಪ್ಪುತ್ತದೆ. ಹೊಸ ತೊಟ್ಟಿಯಲ್ಲಿ ನೀರು ತುಂಬಿ ಒಂದು ದಿನವಾದರೂ ಓಡಿರಬೇಕು. ಎರಡೂ ಕಡೆ ನೀರಿನ ಶಾಖದಲ್ಲಿ 2 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ.

ಬೆಳಿಗ್ಗೆ ಲೈಟ್ ಆರಿಸಿ. ಸೋಪು ಕಾಣದ ಒಂದು ಬಕೆಟ್‌ಗೆ ಅರ್ಧಕ್ಕಿಂತ ಕಡಿಮೆ ಹಳೇ ನೀರು ಹಾಕಿ ಏರ್ ಪಂಪಿನ ಕೊಳವೆ ಇಳಿಬಿಡಿ. ತೊಟ್ಟಿಯ ನೀರನ್ನು ಮುಕ್ಕಾಲು ಇಳಿಸಿ, ಗಿಡ, ಗೊಂಬೆ ಎಲ್ಲ ಹೊರಗೆ ತೆಗೆದ ಮೇಲೆಯೇ ಬಲೆ ಹಾಕಿ. ತುಂಬಿದ ತೊಟ್ಟಿಯಲ್ಲಿ ಅಟ್ಟಾಡಿಸಿದರೆ ಮೀನಿಗೂ ಸುಸ್ತು, ನಿಮಗೂ ಸುಸ್ತು. ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನು ಇದ್ದರೆ ಬಲೆ ಬೇಡ. ಅದರ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ. ಬಕೆಟ್ ಮೇಲೆ ಟವೆಲ್ ಮುಚ್ಚಿ, ಹೆದರಿದ ಮೀನು ಹಾರುತ್ತದೆ.

ಈಗ ಫಿಲ್ಟರ್. ಸ್ಪಾಂಜ್ ತೀರಾ ಕಟ್ಟಿಕೊಂಡಿದ್ದರೆ ಹಳೇ ನೀರಿನಲ್ಲೇ ಒಂದು ಸಲ ಹಿಂಡಿ, ಅಷ್ಟೇ. ಒಣಗಲು ಬಿಡದೆ ತಕ್ಷಣ ಹೊಸ ತೊಟ್ಟಿಗೆ ಹಾಕಿ ಓಡಿಸಿ. ಆ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಹೊಸ ಫಿಲ್ಟರ್ ಎಷ್ಟೇ ದುಬಾರಿಯದ್ದಾಗಿರಲಿ, ಒಂದೂವರೆ ತಿಂಗಳು ಎರಡೂ ಒಟ್ಟಿಗೆ ಓಡಲಿ. ಹಳೇ ಕಲ್ಲನ್ನು ಒಂದೆರಡು ಹಿಡಿ ನೆಟ್ ಚೀಲದಲ್ಲಿ ಕಟ್ಟಿ ತೂಗುಬಿಡಬಹುದು. ಎಲ್ಲ ಕಲ್ಲನ್ನೂ ಕದಡಿ ಸುರಿದರೆ ಅಡಿಯ ಹೊಲಸೂ ಜೊತೆಗೆ ಬರುತ್ತದೆ. ನನಗೆ ಬೇಕಾದ ಕೊಳೆ ಅದಲ್ಲ.

ಕೊನೆಗೆ ಮೀನು. ಹೊಸ ತೊಟ್ಟಿಯಿಂದ ಐದು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬಕೆಟ್‌ಗೆ ಹಾಕುತ್ತಾ ಬನ್ನಿ. ಮುಕ್ಕಾಲು ಗಂಟೆಯಲ್ಲಿ ಬಕೆಟ್ ನೀರು ಎರಡರಷ್ಟಾಗಲಿ. ಕೊಳವೆಗೆ ಗಂಟು ಹಾಕಿ ಹನಿ ಹನಿಯಾಗಿ ಬಿಡುವವರೂ ಇದ್ದಾರೆ. ಮೊದಲೇ ನೀರು ಬದಲಿಸುತ್ತಾ ಬಂದಿದ್ದರೆ ಆ ಗೋಜು ಬೇಡ ಅನ್ನುವುದು ನನ್ನ ಅನಿಸಿಕೆ. ಆಮೇಲೆ ಮೀನನ್ನಷ್ಟೇ ಬಿಡಿ, ಬಕೆಟ್ ನೀರು ಗಿಡಕ್ಕೆ ಹೋಗಲಿ. ಗೊಬ್ಬರದ ನೀರದು, ಗುಲಾಬಿ ಚೆನ್ನಾಗಿ ಬರುತ್ತದೆ.

ಮೊದಲ ವಾರ

ಅಂದು ಆಹಾರ ಇಲ್ಲ, ಲೈಟೂ ಇಲ್ಲ. ಒಂದು ವಾರ ದಿನ ಬಿಟ್ಟು ದಿನ ಒಂದು ಚಿಟಿಕೆ ಸಾಕು. ಮಕ್ಕಳಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಅಮೋನಿಯಾ, ನೈಟ್ರೈಟ್ ನೋಡುವ ಟೆಸ್ಟ್ ಕಿಟ್ ತಂದಿಟ್ಟುಕೊಳ್ಳಿ. ಎರಡೂ ಸೊನ್ನೆ ಇರಬೇಕು. ಸ್ವಲ್ಪ ಕಂಡರೂ ಕಾಲು ಭಾಗ ನೀರು ಬದಲಿಸಿ. ಮೀನು ಮೇಲೆ ಬಂದು ಬಾಯಿ ಬಿಟ್ಟರೆ, ಕಿವಿರು ಕೆಂಪಾದರೆ, ರೆಕ್ಕೆ ಮುದುಡಿ ತಳದಲ್ಲಿ ಕುಳಿತರೆ ಕಿಟ್ ಹುಡುಕುತ್ತಾ ಕೂರಬೇಡಿ, ಮೊದಲು ನೀರು ಬದಲಿಸಿ. ಎರಡು ಮೂರು ದಿನಕ್ಕೆ ನೀರು ಹಾಲು ಬೆರೆಸಿದ ಹಾಗಾದರೆ ಗಾಬರಿಯಾಗಿ ಫಿಲ್ಟರ್ ಮಾತ್ರ ತೊಳೆಯಬೇಡಿ. ಸಾಮಾನ್ಯವಾಗಿ ಅದು ತಾನಾಗಿಯೇ ತಿಳಿಯಾಗುತ್ತದೆ.

ದೊಡ್ಡ ತೊಟ್ಟಿ ಖಾಲಿ ಖಾಲಿ ಕಾಣುತ್ತದೆ ಅಲ್ವಾ? ಅದೇ ವಾರ ಹೊಸ ಮೀನು ತರುವ ಆಸೆ ಆಗುತ್ತದೆ. ತಿಂಗಳು ತಡೆಯಿರಿ. ಹಳೇ ತೊಟ್ಟಿಯನ್ನೂ ಯಾರಿಗೂ ಕೊಟ್ಟುಬಿಡಬೇಡಿ. ಹೊಸ ಮೀನು ತಂದಾಗ ಎರಡು ಮೂರು ವಾರ ಅದರಲ್ಲಿ ಬೇರೆಯಾಗಿಟ್ಟು, ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಂಡು ದೊಡ್ಡದಕ್ಕೆ ಬಿಡಬಹುದು. ಆ ದಿನಕ್ಕೆಂದು ಒಂದು ಚಿಕ್ಕ ಸ್ಪಾಂಜ್ ಫಿಲ್ಟರ್ ಈಗಿನಿಂದಲೇ ದೊಡ್ಡ ತೊಟ್ಟಿಯ ಮೂಲೆಯಲ್ಲಿ ಕೊಳೆಯಾಗುತ್ತಾ ಇರಲಿ.