ಮೊದಲ ವರ್ಷದವರನ್ನು ಮಾತಾಡಿಸುವುದು ಹೇಗೆ

ಶಿವಮೊಗ್ಗದಲ್ಲಿ ಪದವಿಯ ಮೊದಲ ವರ್ಷದವರಿಗೆ ನಾನು ಇತಿಹಾಸ ಹೇಳಿಕೊಡುತ್ತೇನೆ. ಸೆಮಿನಾರ್‌ಗೆ 12 ಜನ ಸಾಕು. ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ. ಬೆಂಚುಗಳನ್ನು ಸುತ್ತ ಎಳೆದು ಹಾಕಿ, ನೀವೂ ಅವರ ಜೊತೆಗೇ ಕೂತುಕೊಳ್ಳಿ.

ಓದಲು ಒಂದೇ ಪುಟ ಕೊಡಿ. ಅದು ಅವರ ಊರಿಗೆ ಹತ್ತಿರದ್ದಾಗಿರಲಿ. ನಾನು ಕೊಡುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದ ಶಾಸನದ ಕನ್ನಡ ಅನುವಾದ. ಮುಂದೆ ಕದಂಬ ರಾಜವಂಶ ಕಟ್ಟಿದ ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ ಕತೆ ಅದರಲ್ಲಿದೆ. ಬರೆಸಿದ್ದು ಅವನ ವಂಶದವರೇ, ಕದಂಬ ರಾಜ ಶಾಂತಿವರ್ಮನ ಕಾಲದಲ್ಲಿ. “ಹಾಗಾದರೆ ಇದನ್ನು ಎಷ್ಟು ನಂಬಬಹುದು?” ಇಷ್ಟೇ ನನ್ನ ಪ್ರಶ್ನೆ.

ಆಮೇಲೆ ಕಷ್ಟದ ಕೆಲಸ ಶುರು: ಸುಮ್ನೆ ಇರುವುದು. ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ, ಯಾರೂ ತಲೆ ಎತ್ತುವುದಿಲ್ಲ. ಮೊದಲೆಲ್ಲ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಅದು ತಪ್ಪು. ಒಮ್ಮೆ ಹೇಳಿದರೆ ಮುಂದಿನ ವಾರವೂ ನಿಮ್ಮ ಉತ್ತರಕ್ಕೇ ಕಾಯುತ್ತಾರೆ. ಈಗ ಮೂರು ನಿಮಿಷ ಕೊಟ್ಟು, ಚೀಟಿಯಲ್ಲಿ ಎರಡು ಸಾಲು ಬರೆಸುತ್ತೇನೆ. ಬರೆದದ್ದು ಕೈಯಲ್ಲಿದ್ದರೆ ಧೈರ್ಯ ಬರುತ್ತದೆ, ಅಲ್ವಾ?

ಹೊಸನಗರ ಕಡೆಯ ಹುಡುಗಿಯೊಬ್ಬಳು ಒಂದು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಆ ದಿನ ಚೀಟಿ ನೋಡಿಕೊಂಡು, “ಪಲ್ಲವರು ಬರೆಸಿದ್ದೂ ಓದಬೇಕಲ್ವಾ ಸರ್?” ಎಂದಳು. ನನಗೆ ಎಷ್ಟು ಖುಷಿಯಾಯಿತು! ಅಂಥ ಮಾತು ಬಂದಾಗ ಹೊಗಳಿ ಮುಗಿಸಬೇಡಿ. “ಎಲ್ಲಿ ಹುಡುಕೋಣ?” ಎಂದು ಗುಂಪಿಗೇ ದಾಟಿಸಿ.

ಇಂಗ್ಲಿಷಿನಲ್ಲೇ ಮಾತಾಡಿ ಎಂದು ಒತ್ತಾಯ ಬೇಡ. ಹಾಜರಿಯನ್ನು ಕೊನೆಗೆ ಚೀಟಿಗಳಿಂದಲೇ ತೆಗೆದುಕೊಳ್ಳಿ.