‘ದೇವರನ್ನು ನಂಬುತ್ತೀರಾ?’ ಎಂದು ಕೇಳಬೇಡಿ

ಜನರ ದಿನನಿತ್ಯದ ಭಕ್ತಿಯನ್ನು ಅಧ್ಯಯನ ಮಾಡಹೊರಟವರು ಮೊದಲು ಕೈಬಿಡಬೇಕಾದ ಪ್ರಶ್ನೆ ಇದು. ಕೇಳಿದರೆ ‘ಹೌದು’ ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ‘ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ ಅಮ್ಮ?’ ಎಂದು ಕೇಳಿ. ‘ನಾನೇನು ಅಂಥ ದೈವಭಕ್ತೆಯಲ್ಲ’ ಎಂದವರೇ ಹೊಸ್ತಿಲು ತೊಳೆದದ್ದು, ಶನಿವಾರವೆಂದು ಮೊಟ್ಟೆ ಬಿಟ್ಟದ್ದು, ಮಗಳ ಪರೀಕ್ಷೆಗೆಂದು ಮುಡಿಪು ಕಟ್ಟಿದ್ದು, ಎಲ್ಲವನ್ನೂ ಹೇಳುತ್ತಾರೆ.

ವಿಷಯ ಚಿಕ್ಕದಾಗಿರಲಿ. ‘ಬೆಂಗಳೂರಿನಲ್ಲಿ ಧರ್ಮ’ ಯಾರ ಕೈಗೂ ನಿಲುಕುವುದಿಲ್ಲ, ಹೊಸ ಗಾಡಿಯ ಪೂಜೆ ನಿಲುಕುತ್ತದೆ. ಅರ್ಚಕರ ಒಪ್ಪಿಗೆ ಪಡೆದು ಬಡಾವಣೆಯ ಗಣಪತಿ ಗುಡಿಯ ಮುಂದೆ ನಿಂತುಕೊಳ್ಳಿ. (ಭಕ್ತರಂತೆ ನಟಿಸಿ ಮಾಹಿತಿ ಕದಿಯುವುದು ಸಂಶೋಧನೆಯಲ್ಲ, ವಂಚನೆ.) ಚಕ್ರದಡಿ ನಿಂಬೆಹಣ್ಣು ಇಟ್ಟವರು ಯಾರು? ಅದನ್ನು ಹಿಚುಕಲು ಗಾಡಿ ಮುಂದಕ್ಕೆ ತಂದವರು ಗಂಡನೋ ಹೆಂಡತಿಯೋ? ಕರ್ಪೂರ ಉರಿಯುವಾಗ ಮೊಬೈಲ್ ಯಾರ ಕೈಯಲ್ಲಿತ್ತು? ಸಾಲದ ಕಂತಿನ ಮಾತು ಬಂತೇ? ಅರ್ಥ ಹುಡುಕುವ ಆತುರ ಬೇಡ, ಕಂಡದ್ದನ್ನು ಕಂಡಂತೆ ಬರೆದುಕೊಳ್ಳಿ.

ಆ ಟಿಪ್ಪಣಿಗಳನ್ನು ಅಂದು ರಾತ್ರಿಯೇ ವಿಸ್ತರಿಸಿ, ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳಿಟ್ಟ ಬೆಂಕಿಗೆ ಆಹುತಿಯಾದವು. ಅವರು ನೆನಪಿನ ಬಲದಿಂದಲೇ ಆ ಊರಿನ ಬಗ್ಗೆ ಬರೆದರು. ಅಂಥ ನೆನಪು ನಮಗೆಲ್ಲ ಎಲ್ಲಿಂದ ಬರಬೇಕು!

ಮಾತಿಗೆ ಸಿಗದ್ದು ಚಿತ್ರಕ್ಕೆ ಸಿಗುವುದುಂಟು. ಅಮೆರಿಕದ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಅಮ್ಮರ್‌ಮನ್ ತಮ್ಮ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಕ್ಯಾಮೆರಾ ಕೊಟ್ಟು, ಬದುಕಿನಲ್ಲಿ ಮುಖ್ಯವೆನಿಸಿದ ಜಾಗಗಳ ಚಿತ್ರ ತೆಗೆಯಲು ಹೇಳಿದರು, ಆಮೇಲೆ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಮಾತಾಡಿಸಿದರು. ಇಲ್ಲಿ ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವುದರಿಂದ ಆ ಖರ್ಚೂ ಇಲ್ಲ.

ಸಮೀಕ್ಷೆಗಳನ್ನೂ ಓದಿ. 2019–20ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ಭಾರತದಲ್ಲಿ ಸುಮಾರು 30,000 ಜನರನ್ನು 17 ಭಾಷೆಗಳಲ್ಲಿ ಮಾತಾಡಿಸಿತ್ತು. ಎಷ್ಟು ಜನ ಎಂಬುದು ಅಲ್ಲಿ ಸಿಗುತ್ತದೆ, ಹೇಗೆ ಎಂಬುದು ಬೀದಿಯಲ್ಲೇ ಸಿಗಬೇಕು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಕುಂಕುಮವಿಟ್ಟವರೂ ಇರುತ್ತಾರೆ. ಇವರನ್ನೆಲ್ಲ ‘ಧರ್ಮ’ ಎಂಬ ಒಂದೇ ಕಲಂನಲ್ಲಿ ತುಂಬಿಸಹೊರಟರೆ ಅಧ್ಯಯನ ಅಲ್ಲೇ ಕೆಡುತ್ತದೆ.

ಬರೆದು ಮುಗಿಸಿದ ಮೇಲೆ ಹೆಸರುಗಳನ್ನು ಬದಲಿಸಿ. ಶ್ರೀನಿವಾಸ್ ಊರಿನ ಹೆಸರನ್ನೇ ಬದಲಿಸಿ ‘ರಾಂಪುರ’ ಎಂದಿದ್ದರು. ಬೆಂಗಳೂರಿನಲ್ಲಾದರೆ ಅಡ್ಡರಸ್ತೆಯ ಸಂಖ್ಯೆಯನ್ನೂ ಬಿಡಿ, ಅಷ್ಟು ಸುಳಿವು ಸಿಕ್ಕರೆ ಪಕ್ಕದ ಮನೆಯವರಿಗೆ ಸಾಕು.